ಯಾರೂ ಒನ್ಸ್ ಮೋರ್ ಅನ್ನದ ಹಾಡು

ಸಂಗೀತ ಕಚೇರಿಯಲ್ಲಿ ಯಾರಾದರೂ ‘ಒನ್ಸ್ ಮೋರ್’ ಎಂದು ಕೂಗಿದರೆ ನಿಮಗೆ ಖುಷಿಯಾಗಬಹುದು. ನನ್ನ ಕೈ ಮಾತ್ರ ತಾನಾಗಿ ವಾಚಿನ ಕಡೆ ಹೋಗುತ್ತದೆ, ಕಾಲು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗುತ್ತದೆ. ಹೋದ ರಾಮನವಮಿಯಲ್ಲೂ ಹೀಗೇ ಆಯಿತು. ಹಾಡುಗಾರರು ಬಹಳ ಚೆನ್ನಾಗಿ ಹಾಡುತ್ತಿದ್ದರು. ಮನೆಯಲ್ಲಿ ನನಗಾಗಿ ಕಾಯುವ ಕೆಲಸವೇನೂ ಇರಲಿಲ್ಲ. ಪೆಂಡಾಲಿನಿಂದ ಮನೆಗೆ ಐದು ನಿಮಿಷದ ನಡಿಗೆ. ಆದರೂ ಹಿಂದಿನ ಸಾಲಿನಿಂದ ಯಾರೋ ಕೂಗಿದ್ದೇ ತಡ, ನಾನು ಅರ್ಧ ಎದ್ದು ನಿಂತಿದ್ದೆ. ನನ್ನ ಹೆಂಡತಿ ಸರೋಜ ಜುಬ್ಬದ ತುದಿ ಹಿಡಿದು ಕೂರಿಸಿದಳು.

“ಯಾವ ರೈಲು ಹಿಡೀಬೇಕು ನಿಮಗೆ?” ಎಂದಳು.

ಅವಳು ಸುಮ್ಮನೆ ಕೇಳಿದ್ದು. ಆದರೆ ನನ್ನ ಹತ್ತಿರ ಉತ್ತರ ಇತ್ತು. ಸಂಜೆ ಆರು ನಲವತ್ತರ ಷಟಲ್. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಒಂದು ಕಾಲಕ್ಕೆ ಬ್ಯಾಂಡಿನಲ್ಲಿದ್ದೆ ಎಂದರೆ ಈಗ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ನಂಬಿದವರೂ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ಎಂದುಕೊಂಡು, ಕೆಂಪು ಕೋಟು ಇನ್ನೂ ಇಟ್ಟುಕೊಂಡಿದ್ದೀರಾ ಎಂದು ಕೇಳುತ್ತಾರೆ. ನಮ್ಮದು ಅದಲ್ಲ. ಅರವತ್ತರ ದಶಕ ಮುಗಿಯುತ್ತಾ ಬಂದಾಗ ಕಂಟೋನ್ಮೆಂಟಿನ ಹುಡುಗರು ಬೀದಿಗೊಂದರಂತೆ ಕಟ್ಟಿಕೊಂಡಿದ್ದ ಗಿಟಾರು ಬ್ಯಾಂಡುಗಳಲ್ಲಿ ಅದೂ ಒಂದು. ಇದ್ದದ್ದು ನಾಲ್ಕು ಜನ. ಕಾಕ್ಸ್ ಟೌನ್ ಕಾಮೆಟ್ಸ್ ಎಂದು ಹೆಸರು. ನಮ್ಮಪ್ಪ ವಿಮಾ ಕಚೇರಿಯಲ್ಲಿದ್ದವರು, ಕೊನೆಯವರೆಗೂ ಅದನ್ನು ‘ನಿಮ್ಮ ಭಜನಾ ಮಂಡಳಿ’ ಎಂದೇ ಕರೆದರು.

ನಾನು ಅದಕ್ಕೆ ಸೇರಿದ್ದು ಸಂಗೀತ ಬರುತ್ತದೆ ಎಂದಲ್ಲ, ಕುತೂಹಲ ಹೆಚ್ಚಾಗಿ. ಕಾಕ್ಸ್ ಟೌನಿನ ಪಕ್ಕದ ಕುಕ್ ಟೌನಿನಲ್ಲಿ ರೆಜಿ ಎಂಬವನ ಮನೆ ಇತ್ತು. ಅವನ ತಾಯಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದರು. ಶನಿವಾರ ಮಧ್ಯಾಹ್ನ ಆ ಮನೆಯ ಹಿಂದಿನ ಕೋಣೆಯಿಂದ ಗಿಟಾರಿನ ಸದ್ದು ಬರುತ್ತಿತ್ತು. ಗಿಟಾರು ಒಂದು ಕಡೆ, ಸದ್ದು ಇನ್ನೊಂದು ಕಡೆಯ ಪೆಟ್ಟಿಗೆಯಿಂದ. ಇದು ಹೇಗೆ ಎಂದು ತಿಳಿಯದೆ ನಾನು ಬೇಲಿಯ ಹತ್ತಿರ ನಿಂತು ಇಣುಕುತ್ತಿದ್ದೆ. ಮೂರನೆಯ ಶನಿವಾರ ಅವರ ನಾಯಿ ನನ್ನನ್ನು ಹಿಡಿದುಕೊಟ್ಟಿತು. ರೆಜಿ ಹೊರಗೆ ಬಂದು, ಬೈಯುವ ಬದಲು, ನನ್ನ ಕೈ ನೋಡಿ, “ನಿನ್ ಹತ್ರ ವಾಚಿದೆಯಾ, ಮ್ಯಾನ್?” ಎಂದ.

ನನಗೆ ಕೆಲಸ ಸಿಕ್ಕಾಗ ಅಪ್ಪ ಕೊಡಿಸಿದ ವಾಚು ಅದು. ಬ್ಯಾಂಡಿನಲ್ಲಿ ಆಗಲೇ ಇದ್ದ ಮೂವರಲ್ಲಿ ಯಾರ ಹತ್ತಿರವೂ ವಾಚಿರಲಿಲ್ಲ, ರೈಲು ತಪ್ಪಿಸಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಹೀಗೆ ನಾನು ವಾಚಿನ ಅರ್ಹತೆಯ ಮೇಲೆ ಬ್ಯಾಂಡಿಗೆ ಸೇರಿದೆ. ವೇದಿಕೆಯ ಮೇಲೆ ಒಬ್ಬ ಸುಮ್ಮನೆ ವಾಚು ನೋಡುತ್ತಾ ನಿಂತರೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ಕೈಗೆ ಎರಡು ಗಿಲಕಿ ಕೊಟ್ಟರು. ಅವನ್ನು ಮಾಡಿದವನು ನಮ್ಮ ಡ್ರಮ್ಮಿನ ಸೆಲ್ವ. ಎರಡು ಪುಟ್ಟ ಡಬ್ಬಿಗಳ ಒಳಗೆ ಕಾಳು. ಯಾವ ಕಾಳು ಎಂಬುದರ ಮೇಲೆ ನಾವು ಒಂದು ತಿಂಗಳು ಸಂಶೋಧನೆ ನಡೆಸಿದೆವು. ಕಡಲೆಕಾಳು ಒರಟು, ಸಾಸಿವೆ ಕೇಳಿಸುವುದೇ ಇಲ್ಲ, ಹೆಸರುಕಾಳು ಮಳೆಗಾಲದಲ್ಲಿ ಮೆತ್ತಗಾಗಿ ಒಂದು ಸಲ ಮೊಳಕೆಯನ್ನೂ ಬಿಟ್ಟಿತು. ಕೊನೆಗೆ ಹುರುಳಿ ಗೆದ್ದಿತು. ಅಡಿಗೆಮನೆಯ ಡಬ್ಬದಲ್ಲಿ ಹುರುಳಿ ಕಡಿಮೆಯಾಗಿದ್ದನ್ನು ಕಂಡು ಅಮ್ಮ, “ಅಲ್ಲ ಸೀನ, ನಿನಗೆ ಏನು ಬರುತ್ತೆ ಅಂತ ಅವ್ರು ಕರ್ಕೊಂಡ್ರು?” ಎಂದು ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದ್ದಳು.

ಬೆಂಗಳೂರಿನೊಳಗೆ ನಮಗೆ ಕೆಲಸ ಸಿಗುತ್ತಿರಲಿಲ್ಲ. ಒಳ್ಳೆಯ ಹೋಟೆಲುಗಳಿಗೆ ಒಳ್ಳೆಯ ಸೂಟು ಇದ್ದವರು ಬೇಕು. ನಾವು ಭಾನುವಾರಗಳಲ್ಲಿ ಊರು ಬಿಟ್ಟು ಹೋಗಬೇಕಾಗಿತ್ತು, ರೈಲ್ವೆ ಕಾಲೊನಿಗಳಿಗೆ, ಗಣಿಯವರ ಕ್ಲಬ್ಬುಗಳಿಗೆ. ಒಂದು ಕಾರ್ಯಕ್ರಮಕ್ಕೆ ಎಂಬತ್ತು ರೂಪಾಯಿ ಎಂದರೆ ಆಗಿನ ಕಾಲಕ್ಕೆ ದೊಡ್ಡದಾಗಿಯೇ ಕೇಳಿಸುತ್ತಿತ್ತು. ಅದರಲ್ಲಿ ನಾಲ್ವರ ರೈಲು ಚಾರ್ಜು, ಡ್ರಮ್ಮಿಗೆ ಲಗೇಜು, ಜಟಕಾ, ಊಟ. ಉಳಿದದ್ದರಲ್ಲಿ ದೊಡ್ಡ ಪಾಲು ಆಂಪ್ಲಿಫಯರಿಗೆ ಹೋಗುತ್ತಿತ್ತು. ಅದನ್ನು ಕಟ್ಟಿದವನು ನಮ್ಮ ಗಿಟಾರಿನ ಅನ್ವರ್. ಶಿವಾಜಿನಗರದಲ್ಲಿ ಅವನ ಅಣ್ಣನ ರೇಡಿಯೋ ಅಂಗಡಿ ಇತ್ತು. ಅಲ್ಲಿಂದ ಸಾಲವಾಗಿ ತಂದ ಸಾಮಾನನ್ನು ಸೋಪಿನ ಪೆಟ್ಟಿಗೆಯೊಳಗೆ ಕೂರಿಸಿ ಮಾಡಿದ್ದ. ಅಣ್ಣ ಪ್ರತಿ ಸೋಮವಾರ ತಮ್ಮನ ಮುಖ ನೋಡಿದ ತಕ್ಷಣ ಕೈ ಚಾಚುತ್ತಿದ್ದರಂತೆ. ಎಲ್ಲ ಸರಿಯಾಗಿ ನಡೆದರೆ ನಮ್ಮ ಕೈಗೆ ತಲಾ ಮೂರು ರೂಪಾಯಿ.

ಊಟದ ಖರ್ಚು ಉಳಿಸಲು ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆಯ ಪೊಟ್ಟಣಗಳನ್ನು ದೊಡ್ಡ ಡ್ರಮ್ಮಿನೊಳಗೆ ಇಟ್ಟು ಮುಚ್ಚಳ ಬಿಗಿಯುತ್ತಿದ್ದೆವು. ಒಮ್ಮೆ ಈಸ್ಟ್ ಸ್ಟೇಷನ್ನಿನಲ್ಲಿ ತೂಕ ಹಾಕುವ ಗುಮಾಸ್ತರು ಒಳಗೇನಿದೆ ಎಂದು ಕೇಳಿದರು. ಖಾಲಿ ಎಂದ ಸೆಲ್ವ. ಅವರು ಬೆರಳಿನಿಂದ ಬಡಿದು ನೋಡಿದರು, ಮೂಗು ಹತ್ತಿರ ತಂದರು, ಇಂಗು ಸ್ವಲ್ಪ ಮುಂದಾಗಿದೆ ಎಂದು ಹೇಳಿ ಚೀಟಿ ಬರೆದುಕೊಟ್ಟರು. ಆ ಮಾತನ್ನು ಅಮ್ಮನಿಗೆ ತಲುಪಿಸಿದೆ. ಮುಂದಿನ ವಾರದಿಂದ ಇಂಗು ಕಡಿಮೆಯಾಯಿತು.

ನಮ್ಮನ್ನು ನಿಜವಾಗಿ ಮುಳುಗಿಸುತ್ತಿದ್ದದ್ದು ಈ ಖರ್ಚುಗಳಲ್ಲ, ಚಪ್ಪಾಳೆ. ಇದು ನನಗೆ ಗೊತ್ತಾದದ್ದು ಜೋಲಾರಪೇಟೆಯಲ್ಲಿ. ಅಲ್ಲಿ ಕೊನೆಯ ಹಾಡಿಗೆ ಮೂರು ಸಲ ಒನ್ಸ್ ಮೋರ್ ಬಂತು. ರೆಜಿ ಕಣ್ಣು ಮುಚ್ಚಿಕೊಂಡು ಮೂರು ಸಲವೂ ಹಾಡಿದ. ರೈಲು ಹೋಯಿತು. ಲಾಡ್ಜಿನ ಬಾಡಿಗೆ, ಬೆಳಗಿನ ಹೊಸ ಟಿಕೆಟ್ಟು, ತಿಂಡಿ ಎಲ್ಲ ಸೇರಿ ನಾವೇ ಕೈಯಿಂದ ತಲಾ ಎರಡು ರೂಪಾಯಿ ಹಾಕಬೇಕಾಯಿತು. ಜನ ನಮ್ಮನ್ನು ಮೆಚ್ಚಿದಷ್ಟೂ ನಾವು ಬಡವರಾಗುತ್ತಿದ್ದೆವು. ನಾನು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಗುಮಾಸ್ತ. ಇಂಥ ವಿಚಿತ್ರ ಲೆಕ್ಕವನ್ನು ಅಲ್ಲಿ ಎಲ್ಲಿಯೂ ಕಂಡಿರಲಿಲ್ಲ.

ಹಾಗಾದರೆ ಕೊನೆಗೆ ಯಾರೂ ಒನ್ಸ್ ಮೋರ್ ಅನ್ನದ ಹಾಡು ಹಾಕಬೇಕು ಎಂದು ಅನ್ವರ್ ಹೇಳಿದ. ಕೇಳಲು ಸುಲಭ. ನಿಧಾನದ ಹಾಡು ಹಾಕಿ ನೋಡಿದೆವು, ಹೆಂಗಸರು ಕೂಗಿದರು. ಶ್ರುತಿ ತಪ್ಪಿಸಿ ನುಡಿಸಿ ನೋಡಿದೆವು, ಜನ ಅದೇನೋ ಹೊಸ ಫ್ಯಾಷನ್ ಎಂದುಕೊಂಡರು. ಒಂದು ಶನಿವಾರ ಅಭ್ಯಾಸದ ನಡುವೆ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ನೀನ್ ಹಾಡ್ಬೇಕು, ಮ್ಯಾನ್,” ಎಂದ ರೆಜಿ.

ನನಗೆ ಹಾಡಲು ಬರುವುದಿಲ್ಲ ಎಂದೆ. ಅದಕ್ಕೇ ಎಂದ ಅನ್ವರ್.

ನನಗೆ ಪೂರ್ತಿ ಬರುತ್ತಿದ್ದ ಹಾಡು ಒಂದೇ, ನನ್ನ ಅಜ್ಜಿ ಹೇಳುತ್ತಿದ್ದ ಜೋಗುಳ. ಅಜ್ಜ ರೈಲ್ವೆ ಗೇಟು ಕಾಯುತ್ತಿದ್ದರು. ಕತ್ತಲಾದ ಮೇಲೆ ಕೈಯಲ್ಲಿ ಲಾಟೀನು ಹಿಡಿದು ಹಳಿಯ ಪಕ್ಕದಲ್ಲೇ ನಡೆದು ಮನೆಗೆ ಬರುತ್ತಿದ್ದರು. ಆ ಬೆಳಕು ಕಾಣಿಸುವವರೆಗೆ ಅಜ್ಜಿ ಮಕ್ಕಳಿಗೆ ಹೇಳುತ್ತಿದ್ದಳಂತೆ, ಆಮೇಲೆ ಮೊಮ್ಮಕ್ಕಳಿಗೂ ಹೇಳಿದಳು. ಅವಳೇ ಕಟ್ಟಿದ್ದು:

ಮಲಗೋ ಮಲಗೋ ಗೂಡಿನ ಹಕ್ಕಿ,
ನಾಳೆಗೆ ಇಟ್ಟೆ ಹಿಡಿ ಅಕ್ಕಿ,
ಅಪ್ಪ ಬರುತಾನೆ ದೀಪ ಹಿಡಿದು,
ಬಾಗಿಲ ತೆಗೆಯುವೆ ನಾ ನಡೆದು.

ಇಷ್ಟೇ ಹಾಡು. ಇದನ್ನೇ ಸುತ್ತಿ ಸುತ್ತಿ ಹೇಳಬೇಕು. ನಾವು ಹೋಗುವ ಊರುಗಳಲ್ಲಿ ಜನ ತಮಿಳು, ತೆಲುಗು, ಇಂಗ್ಲಿಷಿನವರು. ಗಿಟಾರಿಗೆ ಕುಣಿದು ಬೆವತ ಜನಕ್ಕೆ ಕನ್ನಡದ ಜೋಗುಳ, ಅದೂ ನನ್ನ ಗಂಟಲಿನಲ್ಲಿ. ಮೊದಲ ಪ್ರಯೋಗದಲ್ಲೇ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಜನ ಕೊಡೆ, ಮಕ್ಕಳು, ಚಪ್ಪಲಿಗಳನ್ನು ಹುಡುಕತೊಡಗಿದರು. ನಾವು ಹತ್ತು ನಿಮಿಷ ಮುಂಚೆ ಸ್ಟೇಷನ್ನಿನಲ್ಲಿದ್ದೆವು. ಸೆಲ್ವ ಆ ಹಾಡಿಗೆ ‘ಟಿಕೆಟ್ ಪಾಟ್ಟು’ ಎಂದು ಹೆಸರಿಟ್ಟ, ಟಿಕೆಟ್ ಉಳಿಸುವ ಹಾಡು. ಒಂದು ವರ್ಷ ನನ್ನ ಕೆಟ್ಟ ಕಂಠದಿಂದ ಬ್ಯಾಂಡು ಬದುಕಿತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಒಳಗೊಳಗೇ ಒಂದು ಮುಳ್ಳೂ ಇತ್ತು. ಉಳಿದ ಮೂವರಿಗೂ ಒಂದಲ್ಲ ಒಂದು ಸಲ ಯಾರಾದರೂ ಒನ್ಸ್ ಮೋರ್ ಕೂಗಿದ್ದರು. ನನಗೆ ಯಾರೂ ಇಲ್ಲ.

ಸೆಲ್ವನ ವಿಷಯ ಸ್ವಲ್ಪ ಹೇಳಬೇಕು. ಮನೆ ಹಲಸೂರಿನಲ್ಲಿ, ತಾಯಿ ಮತ್ತು ಅವನು ಇಬ್ಬರೇ. ನಾನಿದ್ದ ಕಾರ್ಖಾನೆಯಲ್ಲೇ ಅವನೂ ಇದ್ದ. ನನ್ನದು ಮೇಜು, ಎಂಟೂವರೆಗೆ ಹೋದರೆ ಸಾಕು. ಅವನದು ಮೆಷಿನ್ನು, ಬೆಳಿಗ್ಗೆ ಏಳಕ್ಕೆ ಒಳಗಿರಬೇಕು, ಅದೂ ಟೆಂಪರರಿ. ಕಾರ್ಖಾನೆಯ ಒಳಗೆ ನನ್ನನ್ನು ‘ನೀವು’, ‘ಸಾರ್’ ಎನ್ನುತ್ತಿದ್ದ. ಗೇಟು ದಾಟಿದರೆ ‘ನೀನು’, ‘ಸೀನ’. ಗೇಟಿನ ಯಾವ ಕಲ್ಲಿನ ಹತ್ತಿರ ಈ ಬದಲಾವಣೆ ಆಗುತ್ತದೆ ಎಂದು ತಿಳಿಯಲು ನಾನು ಒಂದೆರಡು ಸಲ ಮಾತನಾಡಿಸುತ್ತಲೇ ಅವನ ಜೊತೆ ಹೊರಗೆ ನಡೆದಿದ್ದೇನೆ. ಕಾವಲುಗಾರನ ಸ್ಟೂಲಿನ ಹತ್ತಿರ.

ಆ ವರ್ಷ ಖಾಯಂ ಮಾಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಖಾಯಂ ಆದರೆ ಕ್ವಾರ್ಟರ್ಸ್, ತಾಯಿಗೆ ಆಸ್ಪತ್ರೆ. ಆದರೆ ಹಿಂದೆ ಎರಡು ಸೋಮವಾರ ತಡವಾಗಿ ಹೋಗಿದ್ದ. ಅದರಲ್ಲಿ ಒಂದು ಜೋಲಾರಪೇಟೆಯದು. ಮೂರನೆಯ ಸಲ ತಡವಾದರೆ ಪಟ್ಟಿಯಿಂದ ಹೆಸರು ಹೊಡೆಯುತ್ತೇನೆ ಎಂದು ಫೋರ್‌ಮನ್ ಹೇಳಿಬಿಟ್ಟಿದ್ದರು. ಆಗಲೇ ಚಿನ್ನದ ಗಣಿಯ ಕಡೆಯ ಒಂದು ಕ್ಲಬ್ಬಿನಿಂದ ಕರೆ ಬಂತು. ಈ ಸಲ ನೀನು ಬರಬೇಡ ಎಂದು ನಾವು ಮೂವರೂ ಹೇಳಿದೆವು. ಆದರೆ ಡ್ರಮ್ಮಿಲ್ಲದಿದ್ದರೆ ಕ್ಲಬ್ಬಿನವರು ಒಪ್ಪುವುದಿಲ್ಲ, ಆಂಪ್ಲಿಫಯರಿನ ಕೊನೆಯ ಕಂತು ಬೇರೆ ಉಳಿದಿತ್ತು.

“ನಿನ್ ಟಿಕೆಟ್ ಪಾಟ್ಟು ಇದೆಯಲ್ಲ ಗುರು, ಭಯ ಯಾಕೆ?” ಎಂದ ಸೆಲ್ವ.

ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಆರು ನಲವತ್ತರ ಷಟಲ್ ಹಿಡಿದರೆ ಬಂಗಾರಪೇಟೆಯಲ್ಲಿ ಬೆಂಗಳೂರಿನ ಗಾಡಿ ಸಿಗುತ್ತದೆ. ಅದು ತಪ್ಪಿದರೆ ಬೆಳಗಿನ ಗಾಡಿಯೇ. ಕ್ಲಬ್ಬಿನಿಂದ ಸ್ಟೇಷನ್ನಿಗೆ ಜಟಕಾದಲ್ಲಿ ಕಾಲು ಗಂಟೆ, ಸಾಮಾನು ಕಟ್ಟಲು ಇನ್ನೊಂದು ಕಾಲು ಗಂಟೆ. ಆರೂ ಹತ್ತಕ್ಕೆ ನಾವು ವೇದಿಕೆ ಬಿಡಬೇಕು. ಇದನ್ನೆಲ್ಲ ನಾನೇ ಲೆಕ್ಕ ಹಾಕಿದ್ದೆ.

ಎಲ್ಲ ಸರಿಯಾಗಿ ನಡೆಯಿತು. ಆರಕ್ಕೆ ಇನ್ನೂ ಒಂದು ನಿಮಿಷ ಇರುವಾಗ ನಾನು ಗಿಲಕಿ ಹಿಡಿದು ಮುಂದೆ ಬಂದು ಶುರು ಮಾಡಿದೆ. ಯಾರೂ ಚಪ್ಪಲಿ ಹುಡುಕಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಡಿಲಲ್ಲಿದ್ದ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾವು ಒಂದು ತಪ್ಪು ಮಾಡಿದ್ದೆವು, ನನಗೆ ಅದು ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಇವರಿಗೆ ಕನ್ನಡ ತಿಳಿಯುವುದಿಲ್ಲ ಎಂದು ನಂಬಿದ್ದೆವು. ‘ಅಪ್ಪ’ ಎಂಬ ಮಾತು ತಮಿಳಿನಲ್ಲೂ ಇದೆ. ‘ದೀಪ’ ತಿಳಿಯಲು ಯಾರ ಸಹಾಯವೂ ಬೇಡ. ಅಲ್ಲಿ ಕೂತ ಗಂಡಸರು ತಲೆಗೆ ದೀಪ ಕಟ್ಟಿಕೊಂಡು ನೆಲದೊಳಗೆ ಇಳಿಯುವವರು, ಹೆಂಗಸರು ಆ ದೀಪ ಮನೆಗೆ ಬರುವುದನ್ನು ಕಾಯುವವರು.

ಹಾಡು ಮುಗಿಯಿತು. ಆಮೇಲೆ ಎಲ್ಲಿಂದಲೋ ಒಂದು ಕೂಗು: ಒನ್ಸ್ ಮೋರ್. ಅದರ ಹಿಂದೆಯೇ ಇಡೀ ಸಭೆ.

ನಾನು ವಾಚು ನೋಡಿದೆ. ಆರೂ ಮೂರು. ಇನ್ನೊಂದು ಸಲ ಹೇಳಿದರೂ ಸಮಯವಿದೆ ಎಂದುಕೊಂಡೆ. ಹೇಳಿದೆ. ಆರೂ ಎಂಟು. ಈಗ ನಿಲ್ಲಿಸಲೇಬೇಕು. ರೆಜಿ ಗಿಟಾರಿನ ಪಟ್ಟಿ ಬಿಚ್ಚುತ್ತಿದ್ದ. ಆಗ ಮತ್ತೆ ಕೂಗು ಬಂತು, ಈ ಸಲ ನಿಧಾನವಾಗಿ, ಬೇಡಿಕೊಳ್ಳುವ ಹಾಗೆ. ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸೆಲ್ವನ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ಎಡಗೈಯ ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿದೆ. ಹಾಡಿದೆ. ಹಿಂದಿನಿಂದ ಡ್ರಮ್ಮು ಮೆತ್ತಗೆ ಜೊತೆಗೆ ಬಂತು.

ಹಾಡಿದ ಮೇಲೆ ಜನ ವೇದಿಕೆಗೇ ಬಂದರು. ಯಾರೋ ನನ್ನ ಕೈ ಹಿಡಿದರು, ಯಾರೋ ಬಾಳೆಹಣ್ಣು ಕೊಟ್ಟರು. ನಾವು ಸ್ಟೇಷನ್ನಿಗೆ ಬಂದಾಗ ತಿರುವಿನಲ್ಲಿ ಷಟಲ್ಲಿನ ಹೊಗೆ ಕಾಣುತ್ತಿತ್ತು.

ಮರುದಿನ ಬೆಳಗಿನ ಗಾಡಿ ನಮ್ಮ ಕಾರ್ಖಾನೆಗೆ ಹತ್ತಿರದ ಕೃಷ್ಣರಾಜಪುರಕ್ಕೆ ಬಂದಾಗ ಎಂಟು ಗಂಟೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಸೆಲ್ವ ಇಳಿದು, ಹಿಂದಿನ ಜೇಬಿನಲ್ಲಿ ಡ್ರಮ್ಮಿನ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಓಡಿದ. ನಾನೂ ಅಲ್ಲೇ ಇಳಿದೆ, ನಡೆದುಕೊಂಡೇ ಹೋದೆ. ಎಂಟೂ ಇಪ್ಪತ್ತಕ್ಕೆ ನನ್ನ ಮೇಜಿನ ಮುಂದೆ ಕೂತಿದ್ದೆ. ಅದೇ ಗಾಡಿ ನನ್ನನ್ನು ಹೊತ್ತಿಗೆ ಮುಂಚೆ ಮುಟ್ಟಿಸಿತ್ತು. ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಪಟ್ಟಿಯಿಂದ ಅವನ ಹೆಸರು ಹೋಯಿತು. ಮೂರು ತಿಂಗಳ ಮೇಲೆ ಕೆಲಸವೂ ಹೋಯಿತು. ಬ್ಯಾಂಡನ್ನು ಯಾರೂ ನಿಲ್ಲಿಸಲಿಲ್ಲ, ಶನಿವಾರಗಳಿಗೆ ಹೋಗುವುದು ನಿಂತಿತು. ರೆಜಿ ಚರ್ಚಿನಲ್ಲಿ ಹಾಡತೊಡಗಿದ. ಅನ್ವರನ ಆಂಪ್ಲಿಫಯರು ಅಣ್ಣನ ಅಂಗಡಿಯ ಮೂಲೆ ಸೇರಿತು. ಗಿಲಕಿಯನ್ನು ಅಮ್ಮ ಒಡೆದು ಹುರುಳಿ ಹೊರಗೆ ತೆಗೆದಳು, ಹುಳ ಹಿಡಿದಿತ್ತು.

ಆದರೂ ಒಂದು ಕುತೂಹಲ ನನ್ನನ್ನು ಬಿಡಲಿಲ್ಲ. ಆ ಮೊದಲ ಕೂಗು ಯಾರದು? ಮಗುವಿನ ತಾಯಿಯದೇ? ಬಾಗಿಲ ಹತ್ತಿರ ನಿಂತಿದ್ದ ಯಾರೋ ಮುದುಕರದೇ? ಅವರು ಕೂಗದಿದ್ದರೆ ಸಭೆ ಕೂಗುತ್ತಿರಲಿಲ್ಲ, ನಾನು ಹಾಡುತ್ತಿರಲಿಲ್ಲ. ತಪ್ಪಿನಲ್ಲಿ ಪಾಲು ಕೊಡಲು ಒಬ್ಬರು ಬೇಕಾಗಿತ್ತೋ ಏನೋ.

ಆರೇಳು ವರ್ಷಗಳ ಮೇಲೆ, ಮದುವೆಯಾದ ಹೊಸದರಲ್ಲಿ, ಹಲಸೂರಿನ ಒಂದು ಗಲ್ಲಿಯಲ್ಲಿ ಹೋಗುತ್ತಿದ್ದಾಗ ಚರ್ಮದ ವಾದ್ಯಗಳನ್ನು ಸರಿಮಾಡುವ ಪುಟ್ಟ ಅಂಗಡಿ ಕಂಡಿತು. ಒಳಗೆ ಸೆಲ್ವ ತಮಟೆಯೊಂದನ್ನು ತೊಡೆಯ ಮೇಲಿಟ್ಟು ಬಿಗಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, “ಬನ್ನಿ ಸಾರ್, ಕೂತ್ಕೊಳ್ಳಿ,” ಎಂದ. ಕಾರ್ಖಾನೆ ಮೈಲುಗಟ್ಟಲೆ ದೂರ. ಆ ‘ಸಾರ್’ ನನಗೆ ನಾಟಿತು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ತಾಯಿಯ ಆರೋಗ್ಯ ಕೇಳಿದೆ, ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಂಗಡಿ ಹೇಗೆ ನಡೆಯುತ್ತದೆ ಎಂದರೆ ಹಬ್ಬದ ಕಾಲದಲ್ಲಿ ಪರವಾಗಿಲ್ಲ ಎಂದ. ಮಾತು ಮುಗಿದುಹೋಯಿತು. ಇಷ್ಟು ವರ್ಷ ಬಾಯಿಗೆ ಬಂದು ಬಂದು ನುಂಗಿದ್ದನ್ನು ಆಗ ಹೇಳಿಬಿಟ್ಟೆ.

“ಅವತ್ತು ಮೂರನೇ ಸಲ ನಾನು ಹಾಡ್ಬಾರ್ದಾಗಿತ್ತು, ಸೆಲ್ವ. ಟೈಮು ನನಗೆ ಗೊತ್ತಿತ್ತು. ವಾಚು ತಿರುಗಿಸ್ಬಿಟ್ಟೆ.”

ಅವನು ತಮಟೆಯ ಹಗ್ಗ ಬಿಡಲಿಲ್ಲ. “ನೀವು ತಿರುಗಿಸಿದ್ದು ನಾನು ನೋಡ್ದೆ ಸಾರ್,” ಎಂದ. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, “ಮೊದಲ್ನೇ ಸಲ ಕೂಗಿದ್ದು ನಾನೇ,” ಎಂದ.

ನಾನು ಅವನ ಮುಖ ನೋಡಿದೆ.

ತಮಾಷೆಗೆ ಕೂಗಿದನಂತೆ. ಒಂದು ವರ್ಷ ಹಾಡುತ್ತಿದ್ದರೂ ಪಾಪ, ಇವನಿಗೆ ಯಾರೂ ಕೂಗಲಿಲ್ಲವಲ್ಲ ಎಂದು ಅನಿಸಿತಂತೆ. ನಾನು ತಿರುಗಿ ನೋಡಿ ನಗುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಸಭೆಯೆಲ್ಲ ಜೊತೆಗೆ ಕೂಗಿದಾಗ ಅವನಿಗೇ ಕೈಕಾಲು ಆಡಲಿಲ್ಲವಂತೆ. “ನಾನು ನಿಮ್ಮ ಮೇಲೆ ಯಾವತ್ತೂ ಕೋಪ ಮಾಡ್ಕೊಂಡಿಲ್ಲ ಸಾರ್, ಮಾಡ್ಕೊಂಡಿದ್ರೆ ನನ್ನ ಮೇಲೇ,” ಎಂದ.

ನಾನು ನಿರಾಳವಾಗಬೇಕಿತ್ತು. ನಿಜ ಹೇಳುತ್ತೇನೆ, ಆಗಲಿಲ್ಲ. ಅವನ ಕೆಲಸ ಹೋದದ್ದು ಹೋದದ್ದೇ. ಅದರ ಮೇಲೆ ನನ್ನದೇ ಆದ ಒಂದು ಸಣ್ಣ ನಷ್ಟವೂ ಸೇರಿಕೊಂಡಿತು, ಹೇಳಲು ನಾಚಿಕೆ. ಜೀವನದಲ್ಲಿ ನನಗೆ ಸಿಕ್ಕಿದ್ದ ಒಂದೇ ಒಂದು ಒನ್ಸ್ ಮೋರ್ ಕನಿಕರದ್ದು ಎಂದಾಯಿತಲ್ಲ. ಬರುತ್ತೇನೆ ಎಂದು ಎದ್ದೆ. ಹೊಸ್ತಿಲಾಚೆ ಒಂದು ಚಪ್ಪಲಿ ಮೆಟ್ಟಿದ್ದೆ, ಇನ್ನೊಂದಕ್ಕೆ ಕಾಲು ಹುಡುಕುತ್ತಿತ್ತು.

“ಸೀನ,” ಎಂದ ಸೆಲ್ವ ಒಳಗಿನಿಂದ. “ಎರಡನೇ ಸಲ ಕೂಗಿದ್ದು ನಾನಲ್ಲ ಕಣೋ. ನೀನು ಚೆನ್ನಾಗೇ ಹಾಡಿದ್ದೆ.”

ಚಪ್ಪಲಿ ಕಳಚಿ ಮತ್ತೆ ಒಳಗೆ ಹೋಗಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ವಾಚು ನೋಡಲಿಲ್ಲ.